‘ಪುನರುತ್ಪಾದನೆ ಅಂದ್ರೆ ಅಡಿಕೆ ಸಸಿಯದ್ದಾ?’

ಕಾಸರಗೋಡಿನ ಬದಿಯಡ್ಕದ ಮನೆಯಲ್ಲಿ ಕೂತು ನಾನು ಒಂದು ಬರವಣಿಗೆಯ ತಂತ್ರಾಂಶಕ್ಕೆ ಟೆಸ್ಟಿಂಗ್ ಮಾಡುತ್ತೇನೆ. ಬಳಸುವವರು ಬಗ್ (ತಂತ್ರಾಂಶದ ದೋಷ) ಕಂಡರೆ ಹೇಗೆ ತಿಳಿಸಬೇಕು ಎಂಬ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ಎರಡೇ ದಿನದಲ್ಲಿ ಮುಗಿಸಿದೆ. ‘ಸ್ಟೆಪ್ಸ್ ಟು ರಿಪ್ರೊಡ್ಯೂಸ್’ (ಅದೇ ಬಗ್ ಮತ್ತೆ ಕಾಣಬೇಕಾದರೆ ಏನೇನು ಮಾಡಬೇಕು) ಎಂಬುದಕ್ಕೆ ‘ದೋಷವನ್ನು ಪುನರುತ್ಪಾದಿಸುವ ಹಂತಗಳು’ ಎಂದು ಬರೆದು ಖುಷಿಯೂ ಪಟ್ಟೆ.

ನೆರೆಮನೆಯ ನಿವೃತ್ತ ಮಾಷ್ಟ್ರು ಕನ್ನಡಕ ಏರಿಸಿ ಓದಿದರು. “ಇದೆಂತ ಮಾರಾಯ, ಪುನರುತ್ಪಾದನೆ? ಅಡಿಕೆ ಸಸಿಯದ್ದಾ?”

ಅವರು ಹಿಂದೊಮ್ಮೆ ನಮಗೆ ದೂರು ಕಳಿಸಿದ್ದರು. “ಅಕ್ಷರ ಹಾಳಾಗ್ತದೆ.” ಅಷ್ಟೇ. ‘ಮಾಹಿತಿ ಸಾಲದು’ ಎಂದು ನಮ್ಮವರು ಅದನ್ನು ಮುಚ್ಚಿದ್ದರು. ಈ ಸಲ ಪಕ್ಕದಲ್ಲೇ ಕೂತು ನೋಡಿದೆ. ಯಾರದೋ ಸನ್ಮಾನಪತ್ರ. ‘ರ‍್ಯಾಂಕ್’ ಎಂದು ಟೈಪ್ ಮಾಡಿದರು, ಸರಿಯಾಗಿಯೇ ಬಂತು. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದರು. ‘ರ್ಯಾಂಕ್’ ಆಗಿತ್ತು! ಕಂಪ್ಯೂಟರಿನ ಅಕ್ಷರ ಪದ್ಧತಿ ಯುನಿಕೋಡ್‌ನಲ್ಲಿ ರ, ಹಲಂತ (ಸ್ವರ ಅಳಿಸುವ ಗುರುತು), ಯ ಸೇರಿದರೆ ಅರ್ಕಾವತ್ತೇ ಬರುವುದು. ರ ಪೂರ್ತಿ ಉಳಿದು ಅದಕ್ಕೆ ಯ ಒತ್ತು ಬರಬೇಕಾದರೆ ರ ಆದ ಮೇಲೆ, ಹಲಂತದ ಮೊದಲು, ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಸೇವ್ ಮಾಡುವಾಗ ನಮ್ಮ ತಂತ್ರಾಂಶ ಅದನ್ನು ನುಂಗುತ್ತಿತ್ತು. ಮಾಷ್ಟ್ರು ಹೇಳಿದ್ದು ನಿಜವೇ, ಅಲ್ವಾ? ಮುಚ್ಚಿ ತೆರೆದ ಮೇಲೆ ಹೀಗಾಯಿತೋ ಎಂದು ನಾವು ಕೇಳಿರಲಿಲ್ಲ.

ಕೈಪಿಡಿಯನ್ನು ಮೊದಲಿನಿಂದ ಬರೆದೆ. ಮೂರೇ ಪ್ರಶ್ನೆ: ಎಂತ ಮಾಡಿದಿರಿ? ಎಂತ ಆಗಬೇಕಿತ್ತು? ಎಂತ ಆಯ್ತು? (ಬೆಂಗಳೂರಿನವರು ‘ಎಂತ’ವನ್ನು ‘ಏನು’ ಮಾಡಿದರು. ಹೋಗಲಿ.) ಜೊತೆಗೆ ಮಾಷ್ಟ್ರ ದೂರನ್ನೇ ಮಾದರಿಯಾಗಿ ಹಾಕಿದೆ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು. ಜನ ವಿವರಣೆ ಓದುವುದಿಲ್ಲ, ಮಾದರಿ ನೋಡಿ ಹಾಗೇ ಬರೆಯುತ್ತಾರೆ.

‘ಆವೃತ್ತಿ’ ಎಂಬ ಪದವೂ ಹೋಯಿತು. ಮಾಷ್ಟ್ರಿಗೆ ಅದು ಪುಸ್ತಕದ್ದು. ‘ವರ್ಶನ್ ನಂಬರ್’ ಎಂದೇ ಬರೆದು, ಎಲ್ಲಿ ಸಿಗುತ್ತದೆ ಎಂದು ಚಿತ್ರ ಹಾಕಿದೆ. ನಮ್ಮಲ್ಲಿ ಫೋನ್ ಕೆಲವರದ್ದು ಮಲಯಾಳದಲ್ಲಿ, ಕೆಲವರದ್ದು ಇಂಗ್ಲಿಷಿನಲ್ಲಿ. ಮೆನುವಿನ ಹೆಸರು ಬರೆದು ಪ್ರಯೋಜನವಿಲ್ಲ. ಹಾಗಾಗಿ ‘ಬಲಗಡೆ ಮೇಲೆ ಮೂರು ಚುಕ್ಕೆ’ ಎಂದು ಜಾಗ ಹೇಳಿದೆ. ಸ್ಕ್ರೀನ್‌ಶಾಟ್ ತೆಗೆಯಲು ಬಾರದವರು ಇನ್ನೊಂದು ಫೋನಿನಲ್ಲಿ ಪರದೆಯ ಫೋಟೋ ತೆಗೆಯಲಿ ಎಂದೆ. ತಂಡದವರು ಮೂಗು ಮುರಿದರು, ಆದರೆ ಬಗ್ ಅದರಲ್ಲೂ ಕಾಣುತ್ತದೆ. ಬ್ಯಾಂಕ್ ಖಾತೆ, ಫೋನ್ ನಂಬರ್ ಕಾಣುತ್ತಿದ್ದರೆ ಮುಚ್ಚಿ ಕಳಿಸಿ ಎಂಬ ಮಾತನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದೆ. ಎಷ್ಟು ತುರ್ತು ಎಂಬ ಪ್ರಶ್ನೆ ತೆಗೆದೇಬಿಟ್ಟೆ. ಎಲ್ಲರೂ ‘ಅತಿ ತುರ್ತು’ ಎಂದೇ ಒತ್ತುತ್ತಾರೆ, ನಾನೂ ಒತ್ತುತ್ತೇನೆ.

ದೂರು ಸೇರಬೇಕಾದ್ದು ಬಗ್‌ಜಿಲ್ಲಾಕ್ಕೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು 1998ರಲ್ಲಿ ಹೊರತಂದ, ಬಗ್ ದೂರುಗಳನ್ನು ದಾಖಲಿಸುವ ಸಲಕರಣೆ ಅದು. ನಾವು ಬಳಸುವ ಫಾರ್ಮ್ ಪೂರ್ತಿ ಇಂಗ್ಲಿಷ್, ಖಾತೆಯೂ ಬೇಕು. ಅದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಸದ್ಯಕ್ಕೆ ಮಾಷ್ಟ್ರು ಮೂರು ಸಾಲು ವಾಟ್ಸಾಪ್ ಮಾಡುತ್ತಾರೆ, ನಾನು ಅದನ್ನು ಫಾರ್ಮಿಗೆ ಹಾಕುತ್ತೇನೆ. ಮೊನ್ನೆ ಬಂದದ್ದರಲ್ಲಿ ನಾಲ್ಕನೇ ಸಾಲೊಂದಿತ್ತು: “ಕರೆಂಟ್ ಹೋಯ್ತು, ಉಳಿದದ್ದು ನಾಳೆ.”