ಬಳ್ಳಿಗೆ ಸಿಂಪಡಿಸಿದ ಫಾಸ್ಫೈಟ್ ಬೇರು ತಲುಪಿತೇ? ಕಿಣ್ವದಿಂದ ಅಳೆಯುವ ಬಗೆ

ಕಾಳುಮೆಣಸಿನ ಬಳ್ಳಿಯನ್ನು ಶೀಘ್ರ ಸೊರಗು ರೋಗದಿಂದ ಕಾಪಾಡಲು ಕೊಡಗು, ಮಲೆನಾಡುಗಳ ತೋಟಗಳಲ್ಲಿ ಪೊಟ್ಯಾಸಿಯಂ ಫಾಸ್ಫೋನೇಟ್ ಬಳಸುತ್ತಾರೆ. ಈ ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ತಡೆಯುವುದು ಅದರಲ್ಲಿರುವ ಫಾಸ್ಫೈಟ್. ಎಲೆಯ ಮೇಲೆ ಬಿದ್ದದ್ದು ಬೇರಿಗೂ ಇಳಿಯಬಲ್ಲುದು ಎಂಬುದೇ ಇದರ ದೊಡ್ಡ ಗುಣ. ರೋಗ ಮೊದಲು ಹೊಕ್ಕುವ ಎಳೆಯ ಬೇರುಗಳಿಗೆ ಎಷ್ಟು ತಲುಪಿತು ಎಂಬುದನ್ನು ಮಾತ್ರ ಅಳೆದೇ ತಿಳಿಯಬೇಕು. ಮಾಲಿಬ್ಡಿನಂ ನೀಲಿ ಬಣ್ಣದ ವಾಡಿಕೆಯ ರಂಜಕ ಪರೀಕ್ಷೆ ಇಲ್ಲಿ ನೆರವಾಗದು. ಅದಕ್ಕೆ ಕಾಣುವುದು ರಂಜಕದ ಇನ್ನೊಂದು ರೂಪವಾದ ಫಾಸ್ಫೇಟ್ ಮಾತ್ರ. ಮಾದರಿಯನ್ನು ಪ್ರಬಲ ಆಮ್ಲದಲ್ಲಿ ಕುದಿಸಿ ಜೀರ್ಣಿಸಿದರೆ ಫಾಸ್ಫೈಟ್ ಕೂಡ ಫಾಸ್ಫೇಟ್ ಆಗಿಬಿಡುವುದರಿಂದ ಎರಡನ್ನೂ ಬೇರ್ಪಡಿಸಿ ಹೇಳಲಾಗದು.

ಈ ತೊಡಕನ್ನು ಬಿಡಿಸುವುದು ಸ್ಯೂಡೋಮೊನಾಸ್ ಸ್ಟುಟ್ಝೆರಿ ಎಂಬ ಬ್ಯಾಕ್ಟೀರಿಯಾದಲ್ಲಿ ಕಂಡುಬಂದ ಫಾಸ್ಫೈಟ್ ಡಿಹೈಡ್ರೋಜನೇಸ್. ಈ ಕಿಣ್ವವು ಫಾಸ್ಫೈಟನ್ನು ಫಾಸ್ಫೇಟ್ ಆಗಿಸುವಾಗ, ಒಂದು ಅಣುವಿಗೆ ಒಂದರಂತೆ, ಜೀವಕೋಶದಲ್ಲಿ ಎಲೆಕ್ಟ್ರಾನ್ ಸಾಗಿಸುವ ಎನ್‌ಎಡಿಯನ್ನು ಎನ್‌ಎಡಿಎಚ್ ಆಗಿ ಬದಲಿಸುತ್ತದೆ. ಎನ್‌ಎಡಿಎಚ್ ತಾನೇ ಹೊಳೆಯುವುದಾದರೂ ಎಲೆಯ ಫೀನಾಲುಗಳೂ ಅದೇ ನೀಲಿ ಬೆಳಕನ್ನು ಸೂಸುವುದರಿಂದ ಅದನ್ನು ನೇರವಾಗಿ ಓದುವುದು ಸಲ್ಲದು. ಆದ್ದರಿಂದ ಡಯಾಫೊರೇಸ್ ಎಂಬ ಎರಡನೆಯ ಕಿಣ್ವವನ್ನು ಜೊತೆಗೂಡಿಸಿ, ಆ ಎನ್‌ಎಡಿಎಚ್ ಬಳಸಿ ನೀಲಿ ರೆಸಾಜ್ಯುರಿನ್ ಬಣ್ಣವನ್ನು ಗುಲಾಬಿ ರೆಸೊರುಫಿನ್ ಆಗಿಸಿ, ಅದರ ಪ್ರತಿದೀಪ್ತಿಯನ್ನು, ಎಂದರೆ ಬೆಳಕು ಹಾಯಿಸಿದಾಗ ಅದು ಸೂಸುವ ಹೊಳಪನ್ನು, ಅಳೆಯುತ್ತಾರೆ.

ಎಲೆಯಾದರೆ ಮೊದಲು ಚೆನ್ನಾಗಿ ತೊಳೆಯಬೇಕು. ಮೇಲ್ಮೈಯಲ್ಲಿ ಒಣಗಿದ ಸಿಂಪಡಣೆ ಉಳಿದರೆ ಒಳಗೆ ಹೋಗದ್ದನ್ನೂ ಎಣಿಸಿದಂತಾಗುತ್ತದೆ. 0.5 ಗ್ರಾಂ ಅಂಗಾಂಶವನ್ನು ದ್ರವ ಸಾರಜನಕದಲ್ಲಿ ಅರೆದು, ಶುದ್ಧ ನೀರು ಬೆರೆಸಿ, 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಟ್ಟರೆ ಸಸ್ಯದ ಸ್ವಂತ ಕಿಣ್ವಗಳ ಬಹುಪಾಲು ನಿಷ್ಕ್ರಿಯವಾಗುತ್ತದೆ. ತಣಿಸಿ, ಸೆಂಟ್ರಿಫ್ಯೂಜ್ ಮಾಡಿ, ತಿಳಿಯಾದ ಸಾರವನ್ನು ಪಿಎಚ್ 7.3ರ ಆಸುಪಾಸಿಗೆ ತಂದ ಮೇಲೆಯೇ ಒಟ್ಟು ಗಾತ್ರವನ್ನು 5 ಮಿಲಿಲೀಟರಿಗೆ ಸರಿಹೊಂದಿಸಬೇಕು.

96 ಕುಳಿಗಳ ಕಪ್ಪು ತಟ್ಟೆಯಲ್ಲಿ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ), ಎನ್‌ಎಡಿ, ರೆಸಾಜ್ಯುರಿನ್, ಡಯಾಫೊರೇಸ್‌ಗಳ ಮಿಶ್ರಣಕ್ಕೆ 20 ಮೈಕ್ರೊಲೀಟರ್ ಸಾರ ಸೇರಿಸಿ, ಕೊನೆಯಲ್ಲಿ ಫಾಸ್ಫೈಟ್ ಡಿಹೈಡ್ರೋಜನೇಸ್ ಹಾಕಬೇಕು. ಡಿಟಿಟಿ, ಮರ್ಕಾಪ್ಟೊಎಥನಾಲ್‌ಗಳಂಥ ಅಪಕರ್ಷಕಗಳು (ಎಲೆಕ್ಟ್ರಾನ್ ಕೊಡುವ ವಸ್ತುಗಳು) ಯಾವ ದ್ರಾವಣದಲ್ಲೂ ಇರಕೂಡದು. ಅವು ತಾವೇ ಬಣ್ಣವನ್ನು ಗುಲಾಬಿಯಾಗಿಸುತ್ತವೆ. ಕಿಣ್ವಕ್ರಿಯೆ ಹಿಂದಕ್ಕೆ ತಿರುಗದಷ್ಟು ಏಕಮುಖಿಯಾದ್ದರಿಂದ, ಓದು ಏರುವುದು ನಿಲ್ಲುವವರೆಗೆ ಕತ್ತಲಲ್ಲಿ ಕಾದು, ಸುಮಾರು 560 ನ್ಯಾನೊಮೀಟರ್ ಬೆಳಕು ಹಾಯಿಸಿ 590ರ ಸಮೀಪ ಓದಬಹುದು.

ಇಡೀ ವಿಧಾನದ ನಂಬಿಕೆ ನಿಂತಿರುವುದು ಮುಂದಿನ ಹಂತದ ಮೇಲೆ. ಅವಸರದಲ್ಲಿ ಜನ ಕೈಬಿಡುವುದೂ ಇದನ್ನೇ. ಸಾರದಲ್ಲಿರುವ ಆಸ್ಕಾರ್ಬಿಕ್ ಆಮ್ಲದಂಥ ವಸ್ತುಗಳು ರೆಸಾಜ್ಯುರಿನ್ನನ್ನು ಫಾಸ್ಫೈಟ್ ಇಲ್ಲದೆಯೂ ಬದಲಿಸುತ್ತವೆ, ಬಣ್ಣದ ಫೀನಾಲುಗಳು ಹೊಳಪನ್ನು ನುಂಗುತ್ತವೆ. ಹಾಗಾಗಿ ಪ್ರತಿ ಮಾದರಿಗೂ ಮೂರು ಬಗೆಯ ಕುಳಿಗಳು ಬೇಕು: ಎಲ್ಲವೂ ಇರುವುದು, ಫಾಸ್ಫೈಟ್ ಡಿಹೈಡ್ರೋಜನೇಸ್ ಬದಲಿಗೆ ಅದರ ಬಫರನ್ನಷ್ಟೇ ಹಾಕಿದ್ದು, ಮತ್ತು ಮೊದಲಿನದಕ್ಕೆ 0.5 ನ್ಯಾನೊಮೋಲ್ ಫಾಸ್ಫೈಟ್ ಹೆಚ್ಚುವರಿಯಾಗಿ ಬೆರೆಸಿದ್ದು.

ಲೆಕ್ಕಕ್ಕೆಂದು ಇವುಗಳ ಓದು ಕ್ರಮವಾಗಿ 4,200, 1,200, 7,200 ಎಂದಿಟ್ಟುಕೊಳ್ಳೋಣ. ಬೆರೆಸಿದ 0.5 ನ್ಯಾನೊಮೋಲ್ ಈ ಸಾರದೊಳಗೆ 3,000ದಷ್ಟು ಏರಿಕೆ ತಂದಿದೆ. ಬಳ್ಳಿಯ ಫಾಸ್ಫೈಟಿನಿಂದ ಬಂದದ್ದೂ, 4,200ರಲ್ಲಿ 1,200 ಕಳೆದರೆ, 3,000ವೇ. ಅಂದರೆ ಕುಳಿಯಲ್ಲಿರುವುದು 0.5 ನ್ಯಾನೊಮೋಲ್. ಕುಳಿಗೆ ಹಾಕಿದ 20 ಮೈಕ್ರೊಲೀಟರಿನ 250 ಪಟ್ಟಾದ ಐದು ಮಿಲಿಲೀಟರಿನಲ್ಲಿ 125, ಒಂದು ಗ್ರಾಂ ಹಸಿ ಅಂಗಾಂಶಕ್ಕೆ 250 ನ್ಯಾನೊಮೋಲ್. ಅಣುತೂಕ 82ರ ಫಾಸ್ಫರಸ್ ಆಮ್ಲವಾಗಿ ಎಣಿಸಿದರೆ ಗ್ರಾಮಿಗೆ 20.5 ಮೈಕ್ರೊಗ್ರಾಂ. ಇದೇ 0.5 ನ್ಯಾನೊಮೋಲ್ ಶುದ್ಧ ನೀರಿನಲ್ಲಿ 4,000 ಏರಿಕೆ ಕೊಟ್ಟಿತ್ತೆನ್ನಿ. ಆ ಮಾಪನರೇಖೆಯೊಂದನ್ನೇ ನಂಬಿದವರಿಗೆ ಸಿಗುವ ಉತ್ತರ ಸುಮಾರು 15.4, ನಿಜಕ್ಕಿಂತ ಕಾಲುಭಾಗ ಕಡಿಮೆ.

ಬೆರೆಸಿದ ಫಾಸ್ಫೈಟಿನಿಂದ ಓದು ತೀರಾ ಕಡಿಮೆ ಏರಿದರೆ ಸಾರವನ್ನು ಇನ್ನಷ್ಟು ತೆಳುಗೊಳಿಸಿ ಮತ್ತೆ ಅಳೆಯಬೇಕು. ಗುಲಾಬಿ ಬಣ್ಣ ಬಂದು ಮಾಸಿದರೆ ರೆಸೊರುಫಿನ್ ಇನ್ನೂ ಅಪಕರ್ಷಿಸಿ ಹೊಳಪಿಲ್ಲದ ರೂಪ ತಾಳಿದೆ ಎಂದರ್ಥ. ಅಂಥ ಓದನ್ನು ಬಿಟ್ಟುಬಿಡಬೇಕು. ಜೊತೆಗೆ, ಫಾಸ್ಫೋನೇಟ್ ಸೋಕದ ಬಳ್ಳಿಯೊಂದರ ಬೇರನ್ನೂ ಅದೇ ದಿನ, ಅದೇ ತಟ್ಟೆಯಲ್ಲಿ ಅಳೆಯಬೇಕು. ಅಲ್ಲಿ ಕಿಣ್ವವಿರುವ ಕುಳಿಗೂ ಇಲ್ಲದ ಕುಳಿಗೂ ವ್ಯತ್ಯಾಸ ಕಾಣದಿದ್ದರೆ, ಸಿಂಪಡಿಸಿದ ಬಳ್ಳಿಯ ಬೇರಿನಲ್ಲಿ ಕಂಡದ್ದು ಎಲೆಯಿಂದ ಇಳಿದು ಬಂದದ್ದೆಂದು ಧೈರ್ಯವಾಗಿ ಹೇಳಬಹುದು, ಸಿಂಪಡಣೆಯ ಹನಿ ಬುಡದ ಮಣ್ಣಿಗೆ ಬೀಳದಂತೆ ಮುಚ್ಚಿದ್ದರೆ.