ಬೆಟ್ಟದಂಚಲ್ಲಿ ಮನೆ ಕೊಳ್ಳುತ್ತಿದ್ದೀರಾ? ಆ ಒಂದು ಕಾಗದ ಓದಿ ಸೈನ್ ಹಾಕಿ

ಹೋದ ತಿಂಗಳು ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ದಕ್ಷಿಣಕ್ಕೆ, ಬೆಟ್ಟದ ತಪ್ಪಲಲ್ಲಿ ಮನೆ. ಹಿತ್ತಲಿಗೆ ತಾಗಿ ಓಕ್ ಮರಗಳು, ಬಾಗಿಲಿಗೆ ಮಾವಿನೆಲೆ ತೋರಣ. ಊಟ ಆದಮೇಲೆ ಮನೆ ಯಜಮಾನನನ್ನು ಪಕ್ಕಕ್ಕೆ ಕರೆದೆ. ‘ಡಿಫೆನ್ಸಿಬಲ್ ಸ್ಪೇಸ್ ಪೇಪರ್ ಮಾರಿದವರು ಕೊಟ್ರಾ, ಇಲ್ಲ ನೀವೇ ಮಾಡಿಸ್ಕೋತೀವಿ ಅಂತ ಸೈನ್ ಹಾಕಿದ್ರಾ?’ ಅಂತ ಕೇಳಿದೆ. ಬೆಂಕಿ ಹತ್ತದಂತೆ ಮನೆ ಸುತ್ತ ಚೊಕ್ಕಟವಾಗಿ ಇಡಬೇಕಾದ ಜಾಗಕ್ಕೆ ಡಿಫೆನ್ಸಿಬಲ್ ಸ್ಪೇಸ್ ಅನ್ನುತ್ತಾರೆ, ಅದು ನಿಯಮದಂತೆ ಇದೆ ಎಂಬ ದಾಖಲೆ ಆ ಪೇಪರ್. ಅವರಿಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿದ್ದ ಫೈಲು ತೆಗೆದು ಇಬ್ಬರೂ ಹುಡುಕಿದೆವು. ಸೈನ್ ಹಾಕಿದ್ದರು. 2021ರಲ್ಲಿ ನಾನು ಹಾಕಿದ ಹಾಗೆಯೇ. ಒಂದೇ ವರ್ಷದಲ್ಲಿ ನಾನು ನೋಡಿದ ಇಂಥ ಮೂರನೇ ಮನೆ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಬೆಂಕಿ ಎಷ್ಟು ಭಯಂಕರ ಅಂತ ಹೇಳುವುದು ಬೇಡ. 2018ರಲ್ಲಿ ಪ್ಯಾರಡೈಸ್ ಊರು ಸುಟ್ಟು 85 ಜನ ಸತ್ತದ್ದು, 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹತ್ತಿರ ಪ್ಯಾಲಿಸೇಡ್ಸ್, ಈಟನ್ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತು. ನಮ್ಮವರಿಗೆ ಗೊತ್ತಿಲ್ಲದ್ದು ಬೇರೆ. ಇಲ್ಲಿ ಬೆಂಕಿಗೆ ಸಿದ್ಧವಾಗುವ ಸರ್ಕಾರಿ ಕೆಲಸದಲ್ಲಿ ದೊಡ್ಡ ಪಾಲು ಮನೆ ಯಜಮಾನನ ತಲೆ ಮೇಲಿದೆ. ಅದು ಸಲಹೆ ಅಲ್ಲ, ಕಾನೂನು.

ನಮ್ಮ ತಲೆಯಲ್ಲಿ ಇರುವುದು ಊರಿನ ಲೆಕ್ಕ. ಕಾಡಿಗೆ ಬೆಂಕಿ ಬಿದ್ದರೆ ಅದು ಅರಣ್ಯ ಇಲಾಖೆ ಕೆಲಸ. ಬೇಸಿಗೆಗೆ ಮುಂಚೆ ಅವರು ಬೆಂಕಿ ರೇಖೆ ಮಾಡುತ್ತಾರೆ, ಫೈರ್ ವಾಚರ್‌ಗಳನ್ನು ಇಟ್ಟುಕೊಳ್ಳುತ್ತಾರೆ. ಇಲ್ಲೂ ಕ್ಯಾಲ್ ಫೈರ್ ಅಂತ ರಾಜ್ಯದ ಇಲಾಖೆ ಇದೆ. ಸುಮಾರು 3.1 ಕೋಟಿ ಎಕರೆ ಅದರ ಹೊಣೆ. ನಗರದ ಮಿತಿಯೊಳಗಿನ ಜಾಗ ಸ್ಥಳೀಯ ಫೈರ್ ಡಿಪಾರ್ಟ್‌ಮೆಂಟಿನದು, ರಾಷ್ಟ್ರೀಯ ಅರಣ್ಯ ಫೆಡರಲ್ ಸರ್ಕಾರದ್ದು. ನಿಮ್ಮ ಮನೆ ಯಾರ ಪಾಲಿಗೆ ಬರುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ, ಯಾಕೆಂದರೆ ತಪಾಸಣೆಗೆ ಬರುವವರು ಅವರೇ. ಕ್ಯಾಲ್ ಫೈರ್ ವೆಬ್‌ಸೈಟಿನ ನಕ್ಷೆಯಲ್ಲಿ ವಿಳಾಸ ಹಾಕಿದರೆ ಮಾಡರೇಟ್, ಹೈ, ವೆರಿ ಹೈ ಈ ಮೂರರಲ್ಲಿ ಬೆಂಕಿ ಅಪಾಯದ ಯಾವ ವಲಯ ಅಂತ ತೋರಿಸುತ್ತದೆ. ಹಳೇ ಮಾಹಿತಿ ನಂಬಬೇಡಿ. ನಗರಗಳ ಪಾಲಿನ ಜಾಗಕ್ಕೆ ಮುಂಚೆ ವೆರಿ ಹೈ ಒಂದೇ ವಲಯ ಇತ್ತು. 2025ರ ಹೊಸ ನಕ್ಷೆಯಲ್ಲಿ ಮಾಡರೇಟ್, ಹೈ ಎರಡೂ ಸೇರಿದವು. ಕೊಂಡಾಗ ನಕ್ಷೆಯಲ್ಲಿ ಇಲ್ಲದಿದ್ದ ಮನೆ ಈಗ ಇರಬಹುದು.

ನಿಯಮ ಸರಳ. ಮನೆಯಿಂದ 100 ಅಡಿವರೆಗೆ, ಅಥವಾ ನಿಮ್ಮ ಜಾಗದ ಗಡಿವರೆಗೆ, ಉರಿಯುವಂಥದ್ದನ್ನು ಕಡಿಮೆ ಮಾಡಬೇಕು. ಮೊದಲ 30 ಅಡಿ ಒಣಗಿದ್ದೇನೂ ಇರಬಾರದು, ಚಿಮಣಿಯಿಂದ 10 ಅಡಿಯೊಳಗೆ ಕೊಂಬೆ ಚಾಚಿರಬಾರದು. ಅದರಾಚೆ ಒಣಹುಲ್ಲು 4 ಇಂಚಿಗಿಂತ ಎತ್ತರ ಇರಬಾರದು. ಗೋಡೆಯಿಂದ 5 ಅಡಿ ಜಾಗಕ್ಕೆ ಜೋನ್ ಝೀರೋ ಅನ್ನುತ್ತಾರೆ. 2020ರ ಕಾನೂನಿನಿಂದ ಬಂದ ಕಲ್ಪನೆ ಅದು. ಅದರ ಬಗ್ಗೆ ತುಂಬಾ ಜಗಳ ನಡೆದಿದೆ. ನನ್ನನ್ನು ಕೇಳಿದರೆ ನಿಯಮಕ್ಕೆ ಕಾಯದೆ ಆ 5 ಅಡಿ ಖಾಲಿ ಮಾಡಿ. ಮನೆಗಳು ಹೆಚ್ಚಾಗಿ ಹತ್ತಿಕೊಳ್ಳುವುದು ಎದುರಿಗೆ ಬರುವ ದೊಡ್ಡ ಜ್ವಾಲೆಯಿಂದ ಅಲ್ಲ, ಗಾಳಿಯಲ್ಲಿ ಒಂದು ಮೈಲಿಗಿಂತ ದೂರದಿಂದ ಹಾರಿ ಬಂದು ಗೋಡೆ ಬುಡದಲ್ಲಿ ಕೂರುವ ಕಿಡಿಯಿಂದ.

ಈಗ ಆ ಕಾಗದದ ವಿಷಯ.

ಎಬಿ 38 ಅಂತ 2019ರ ಒಂದು ಕಾನೂನು ಇದೆ. ಅದರ ಪ್ರಕಾರ 2021ರ ಜುಲೈ 1ರಿಂದ, ಹೈ ಅಥವಾ ವೆರಿ ಹೈ ವಲಯದಲ್ಲಿ ಮನೆ ಮಾರುವವರು ಸುತ್ತಲಿನ ಜಾಗ ನಿಯಮದಂತೆ ಇದೆ ಎಂಬ ದಾಖಲೆಯನ್ನು ಕೊಳ್ಳುವವರಿಗೆ ಕೊಡಬೇಕು. ಇಷ್ಟು ಕೇಳಿದರೆ ಕಾನೂನು ನಮ್ಮ ಪರವಾಗಿದೆ ಅನ್ನಿಸುತ್ತದೆ, ಅಲ್ವಾ? ಅದರ ಕೆಳಗಿನ ಸಾಲು ಓದಿ. ಎಸ್ಕ್ರೋ (ಮಾರಾಟ ಪೂರ್ತಿಯಾಗುವ ತನಕ ಹಣ, ಕಾಗದ ಮೂರನೆಯವರ ಹತ್ತಿರ ಇರುವ ಅವಧಿ) ಮುಗಿಯುವುದರೊಳಗೆ ಮಾರುವವರು ದಾಖಲೆ ಮಾಡಿಸಿರದಿದ್ದರೆ, ಕೊಳ್ಳುವವರೇ ಒಂದು ವರ್ಷದೊಳಗೆ ಮಾಡಿಸಿಕೊಳ್ಳುತ್ತಾರೆ ಎಂದು ಇಬ್ಬರೂ ಬರೆದುಕೊಂಡರೆ ಸಾಕು. ಅವರ ಹೊಣೆ ಅಲ್ಲಿಗೆ ಮುಗಿಯಿತು. ಅದು ನಿಮ್ಮದಾಯಿತು.

ನನಗೆ ಆ ಫಾರ್ಮ್ ಬಂದದ್ದು ರಾತ್ರಿ 11ಕ್ಕೆ, ಉಳಿದ ನೂರಾರು ಪುಟಗಳ ಜೊತೆ. ‘ಇದು ಎಲ್ಲರೂ ಹಾಕೋ ಸೈನ್’ ಎಂದರು ಏಜೆಂಟ್. ಮಗುವನ್ನು ಮಲಗಿಸಿ ಬಂದು, ಪರದೆ ಮೇಲೆ ಸೈನ್ ಹಾಕುವ ಹಳದಿ ಪೆಟ್ಟಿಗೆ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಒತ್ತಿದೆ. ನವೆಂಬರಿನಲ್ಲಿ ಮನೆ ನಮ್ಮದಾಯಿತು. ಮಳೆಗಾಲ ಪೂರ್ತಿ ಆ ಕಾಗದ ನೆನಪಾಗಲೇ ಇಲ್ಲ. ಜೂನಿನಲ್ಲಿ ಪಕ್ಕದ ಮನೆಯವರು ಕೇಳಿದಾಗಲೇ ತಪಾಸಣೆಗೆ ಅರ್ಜಿ ಹಾಕಿದ್ದು.

ತಪಾಸಣೆಗೆ ಬಂದಾಕೆ ತುಂಬಾ ಒಳ್ಳೆಯವರು. ದಕ್ಷಿಣದ ಗೋಡೆಗುಂಟ 40 ಅಡಿ ಉದ್ದಕ್ಕೆ ಜೂನಿಪರ್ ಪೊದೆ ಬೇಲಿಯಂತೆ ಬೆಳೆದಿತ್ತು. ಹಚ್ಚಹಸಿರು. ಮನೆ ಇಷ್ಟವಾಗಲು ಅದೂ ಒಂದು ಕಾರಣ. ಆಕೆ ಬಗ್ಗಿ, ಎರಡೂ ಕೈಯಿಂದ ಕೊಂಬೆ ಅಗಲಿಸಿ ‘ಇಲ್ಲಿ ನೋಡಿ’ ಎಂದರು. ಹೊರಗಿನ ನಾಲ್ಕು ಬೆರಳು ಮಾತ್ರ ಹಸಿರು. ಒಳಗೆಲ್ಲ ಕಂದು ಬಣ್ಣದ ಸತ್ತ ಕಡ್ಡಿ. ನಾನೂ ಕೈ ಹಾಕಿ ಒಂದು ಹಿಡಿ ಹಿಸುಕಿದೆ. ನಶ್ಯದ ಹಾಗೆ ಪುಡಿಯಾಯಿತು. ಅದರ ನೇರ ಮೇಲೆ ಮಕ್ಕಳು ಮಲಗುವ ಕೋಣೆಯ ಕಿಟಕಿ.

ಪಟ್ಟಿಯಲ್ಲಿ ಇನ್ನೂ ಇತ್ತು. ಸತ್ತ ಎರಡು ಪೈನ್ ಮರ, ಚಾವಣಿ ಮೇಲೆ ಒರಗಿದ ಓಕ್ ಕೊಂಬೆ, ಡೆಕ್ ಕೆಳಗೆ ಸೌದೆ ರಾಶಿ. ಎಲ್ಲವೂ ಮಾರಿದವರ ಕಾಲದ್ದೇ. ಮರ ಕಡಿಯುವವರಿಗೆ ಜೂನಿನಲ್ಲಿ ಪುರುಸೊತ್ತಿರುವುದಿಲ್ಲ. ಪಕ್ಕದವರು ಜನವರಿಯಲ್ಲಿ ಕೊಟ್ಟದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಕೇಳಿದರು. ಓಕ್ ಮುಟ್ಟಲು ನಗರದ ಅನುಮತಿ ಬೇಕಿತ್ತು, ಅದಕ್ಕೆ ಐದು ವಾರ. ಕೊನೆಗೆ 11,000 ಡಾಲರ್ ಕೈಬಿಟ್ಟಿತು. ಎಸ್ಕ್ರೋ ಮುಗಿಯುವ ಮುಂಚೆ ಒಂದು ಮಾತು ಕೇಳಿದ್ದರೆ ಅದನ್ನು ಮಾರುವವರೇ ಕೊಡುತ್ತಿದ್ದರು, ಇಲ್ಲ ಬೆಲೆಯಲ್ಲಾದರೂ ಇಳಿಸುತ್ತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ಕೆಲಸ ಮುಗಿದು, ತಪಾಸಣೆ ಪಾಸಾಗಿ, ಕಾಗದ ಕೈಗೆ ಬಂದ ಮೂರನೇ ವಾರ ವಿಮಾ ಕಂಪನಿಯಿಂದ ಪತ್ರ ಬಂತು. ಪಾಲಿಸಿ ನವೀಕರಿಸುವುದಿಲ್ಲ ಅಂತ. ಮೇಲಿನಿಂದ ತೆಗೆದ ಫೋಟೊ ಒಂದನ್ನು ಕಾರಣ ಕೊಟ್ಟಿದ್ದರು. ಅದರಲ್ಲಿ ಜೂನಿಪರ್ ಇನ್ನೂ ಇತ್ತು. ಹೊಸ ಫೋಟೊ, ತಪಾಸಣೆ ಕಾಗದ ಎಲ್ಲ ಕಳಿಸಿದೆ. ತೀರ್ಮಾನ ಬದಲಾಗಲಿಲ್ಲ. ದಯವಿಟ್ಟು ಇದನ್ನು ನೆನಪಿಡಿ: ಸರ್ಕಾರದ ತಪಾಸಣೆ ಬೇರೆ, ವಿಮೆಯವರ ಲೆಕ್ಕ ಬೇರೆ. ಅಲ್ಲಿ ಪಾಸಾದರೆ ಇಲ್ಲೂ ಪಾಸು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಾನೂನು ಪ್ರಕಾರ 75 ದಿನ ಮುಂಚೆ ನೋಟಿಸ್ ಕೊಡಬೇಕು, ಕೊಟ್ಟಿದ್ದರು. ಬೇರೆ ಯಾರೂ ತೆಗೆದುಕೊಳ್ಳದೆ ಕೊನೆಗೆ ಫೇರ್ ಪ್ಲಾನ್‌ಗೆ ಹೋದೆವು. ಹೆಸರು ಕೇಳಿ ಸರ್ಕಾರದ್ದು ಅಂದುಕೊಳ್ಳುತ್ತಾರೆ. ಅಲ್ಲ. 1968ರಲ್ಲಿ ಕಾನೂನಿನ ಮೂಲಕ ಹುಟ್ಟಿದ, ವಿಮಾ ಕಂಪನಿಗಳೇ ಸೇರಿ ನಡೆಸುವ ಕೊನೆಯ ದಾರಿ ಅದು. ಬೆಂಕಿ, ಹೊಗೆ, ಸಿಡಿಲು ಇಂಥವಕ್ಕೆ ಮಾತ್ರ ಕೊಡುತ್ತದೆ. ಕಳ್ಳತನ, ಪೈಪ್ ಒಡೆದ ನೀರು, ನಿಮ್ಮ ಮನೆಯಲ್ಲಿ ಯಾರಾದರೂ ಬಿದ್ದರೆ ಅದರ ಹೊಣೆ, ಯಾವುದೂ ಅದರಲ್ಲಿಲ್ಲ. ಅದಕ್ಕೆ ಡಿಫರೆನ್ಸ್ ಇನ್ ಕಂಡೀಷನ್ಸ್ ಎಂಬ ಇನ್ನೊಂದು ಪಾಲಿಸಿ ಬೇರೆ ಕೊಳ್ಳಬೇಕು. ನಮಗೆ ಎರಡೂ ಸೇರಿ ಹಳೇ ಪ್ರೀಮಿಯಂನ ಮೂರರಷ್ಟಾಯಿತು.

ಆದ್ದರಿಂದ ಮನೆ ನೋಡುವಾಗಲೇ ಮಾರುವವರ ಹತ್ತಿರ ತಪಾಸಣೆ ದಾಖಲೆ ಕೇಳಿ. ಇಲ್ಲ ಅಂದರೆ ಮಾಡಿಸಿ ಕೊಡಿ ಅನ್ನಿ. ಕ್ಯಾಲ್ ಫೈರ್ ಪಾಲಿನ ಜಾಗವಾದರೆ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಕಂಟಿಂಜೆನ್ಸಿ (ಖರೀದಿಯಿಂದ ಹಿಂದೆ ಸರಿಯಲು ಇರುವ ಷರತ್ತು) ಬಿಡುವ ಮುಂಚೆ ವಿಮೆಯ ಕೋಟ್ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು. 2010ಕ್ಕಿಂತ ಮುಂಚೆ ಕಟ್ಟಿದ ಮನೆಯಾದರೆ, ಬೆಂಕಿಗೆ ಬೇಗ ತುತ್ತಾಗುವ ಭಾಗ ಯಾವುದಿದೆ ಅಂತಲೂ ಮಾರುವವರು ತಿಳಿಸಬೇಕು. ಆ ಹಾಳೆಯನ್ನೂ ಓದಿ. ಮನೆ ಈಗಾಗಲೇ ಕೊಂಡಿದ್ದರೆ ವಿಮೆಯವರಿಗೆ ನಿಮ್ಮ ಮನೆಯ ಕಾಡ್ಗಿಚ್ಚಿನ ಅಪಾಯದ ಸ್ಕೋರ್ ಎಷ್ಟು ಅಂತ ಬರೆದು ಕೇಳಿ. 2022ರ ನಿಯಮದ ಪ್ರಕಾರ ಅವರು ಹೇಳಬೇಕು, ನೀವು ಅದನ್ನು ಪ್ರಶ್ನಿಸಬಹುದು. ಮಾಡಿದ ಕೆಲಸಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿಯೂ ಕೊಡಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಯಾವ ದೇಶದ ವ್ಯವಸ್ಥೆ ಮೇಲು ಅಂತ ನಮ್ಮ ಕನ್ನಡ ಕೂಟದಲ್ಲಿ ಆಗಾಗ ಮಾತು ಬರುತ್ತದೆ. ನಾನು ಶಿರಸಿ ಕಡೆಯವನು. ನಮ್ಮ ಸೊಪ್ಪಿನಬೆಟ್ಟದಲ್ಲಿ ಬಿಸಿಲು ಜೋರಾಗುವುದರೊಳಗೆ ದರಕು ಗುಡಿಸಿ, ಹೆಡಿಗೆ ತುಂಬಿ ಕೊಟ್ಟಿಗೆಗೆ ತರುತ್ತಿದ್ದರು. ಗೊಬ್ಬರದ ಆಸೆಗೆ ಬೆಟ್ಟ ತಾನಾಗೇ ಚೊಕ್ಕಟವಾಗುತ್ತಿತ್ತು, ಕಾನೂನು ಬೇಕಿರಲಿಲ್ಲ. ಇಲ್ಲಿ ತರಗೆಲೆ ಯಾರಿಗೂ ಬೇಡ, ಅದಕ್ಕೇ ಕಾನೂನು ಬೇಕು. ಆದರೆ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದಾಗ ಜನ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಿದ್ದನ್ನು ನೆನೆದರೆ, ಬೆಂಕಿ ಬರುವ ಮುಂಚಿನ ಕೆಲಸವನ್ನು ಅಡಿ ಇಂಚಿನಲ್ಲಿ ಅಳೆದು ಹೇಳುವ ಇಲ್ಲಿನ ಪದ್ಧತಿಯೇ ಮೇಲು ಅನ್ನುತ್ತೇನೆ. ನಾನು ಒಪ್ಪದೇ ಇರುವುದು ಒಂದನ್ನೇ. ಸರ್ಕಾರ ಹೇಳಿದ್ದನ್ನೆಲ್ಲ ಮಾಡಿದ ಕುಟುಂಬಕ್ಕೂ ವಿಮೆ ಸಿಗುವ ಖಾತ್ರಿ ಇಲ್ಲ. ಇದು ಅನ್ಯಾಯ.

ಇನ್ನು ನಮ್ಮವರ ಮನೆಗಳಲ್ಲಿ ಕಂಡ ಕೆಲವು ವಿಷಯ. ಹಬ್ಬದ ತೋರಣ ತಿಂಗಳುಗಟ್ಟಲೆ ಒಣಗಿ ಬಾಗಿಲ ಮೇಲೆ ನೇತಾಡುತ್ತಿರುತ್ತದೆ, ಕೆಳಗೆ ತೆಂಗಿನ ನಾರಿನ ಕಾಲೊರಸು. ಒಂದು ಕಿಡಿಗೆ ಎರಡೂ ಸಾಕು. ಹಬ್ಬ ಮುಗಿದ ವಾರವೇ ತೋರಣ ಬಿಚ್ಚಿ. ಅಟ್ಟದ ಗಾಳಿಕಿಂಡಿಯ ಬಲೆ ನೋಡಿ, ತೂತು ಕಾಲು ಇಂಚು ಇದ್ದರೆ ಕಿಡಿ ಒಳಗೆ ಹೋಗುತ್ತದೆ. 1/8 ಇಂಚಿನ ಲೋಹದ ಬಲೆ ಹಾಕಿಸಿ. ಒಣಹುಲ್ಲನ್ನು ಬೆಳಿಗ್ಗೆ 10ರೊಳಗೆ ಕತ್ತರಿಸಿ ಮುಗಿಸಿ. ಮಧ್ಯಾಹ್ನ ಮೋವರ್‌ನ ಬ್ಲೇಡ್ ಕಲ್ಲಿಗೆ ತಾಗಿ ಹಾರುವ ಕಿಡಿಯಿಂದಲೇ ಬೆಂಕಿ ಏಳುತ್ತದೆ. ಗಾಳಿ ಇರುವ ದಿನ ಮೋವರ್ ಮುಟ್ಟಲೇಬೇಡಿ.

ಒಬ್ಬರೇ ಮಾಡಿದರೆ ಅರ್ಧ ಲಾಭ. ನಿಮ್ಮ ಗೋಡೆ ಬುಡ ಚೊಕ್ಕಟವಿದ್ದು ಪಕ್ಕದವರ ಬೇಲಿ ಉರಿದರೆ ಏನು ಮಾಡುತ್ತೀರಿ? ಕನಿಷ್ಠ 8 ಮನೆ ಸೇರಿದರೆ ಫೈರ್‌ವೈಸ್ ಯುಎಸ್‌ಎ ಎಂಬ, ಬೆಂಕಿಗೆ ಸಿದ್ಧವಾದ ನೆರೆಹೊರೆಗೆ ಕೊಡುವ ಗುರುತು ಪಡೆಯಬಹುದು. ಒಂದು ಸಮಿತಿ, ಅಪಾಯದ ಅಂದಾಜು, ಕೆಲಸದ ಯೋಜನೆ, ವರ್ಷಕ್ಕೆ ಮನೆಗೆ ಒಂದು ಗಂಟೆಯಷ್ಟು ದುಡಿಮೆ ಅಥವಾ ಅದಕ್ಕೆ ಸಮನಾದ ಖರ್ಚು. ನಮ್ಮ ಬೀದಿಯಲ್ಲಿ 14 ಮನೆ ಸೇರಿದ್ದೇವೆ. ಇಲ್ಲಿನ ಬೆಂಕಿ ಸುರಕ್ಷತೆಯ ಸಂಘ ಫೈರ್ ಸೇಫ್ ಕೌನ್ಸಿಲ್, ಕೊಂಬೆ ಚೂರು ಮಾಡುವ ಚಿಪ್ಪರ್ ಯಂತ್ರ ಕಳಿಸಿದ ದಿನ ಎಲ್ಲರೂ ಕೊಂಬೆಗಳನ್ನು ರಸ್ತೆ ಬದಿಗೆ ತಂದು ಹಾಕಿದೆವು. ಅದಕ್ಕೆ ಯಾರೂ ಹಣ ಕೊಡಬೇಕಾಗಲಿಲ್ಲ.

ಅಪ್ಪ ಅಮ್ಮ ಊರಿಂದ ಬಂದಿದ್ದರೆ ಇದನ್ನು ತಪ್ಪದೆ ಮಾಡಿ. ಕೌಂಟಿಯ ಎಚ್ಚರಿಕೆಗಳಿಗೆ ನೀವಾಗಿ ನೋಂದಾಯಿಸಬೇಕು. ಸಾಂತಾ ಕ್ಲಾರಾದಲ್ಲಿ ಅಲರ್ಟ್ ಎಸ್‌ಸಿಸಿ, ಅಲಮೀಡಾದಲ್ಲಿ ಎಸಿ ಅಲರ್ಟ್. ಅಪ್ಪನಿಗೆ ಇಲ್ಲಿನ ಸಿಮ್ ಕೊಡಿಸಿ ಆ ನಂಬರನ್ನೂ ಸೇರಿಸಿ. ಇವ್ಯಾಕ್ಯುಯೇಷನ್ ಆರ್ಡರ್ ಅಂದರೆ ಈಗಲೇ ಹೊರಡಿ ಅಂತ. ವಾರ್ನಿಂಗ್ ಅಂದರೆ ಸಿದ್ಧರಾಗಿ ಅಂತ ಅನೇಕರು ಓದಿಕೊಳ್ಳುತ್ತಾರೆ, ಆದರೆ ವಯಸ್ಸಾದವರು, ಮಕ್ಕಳು ಇರುವ ಮನೆಯವರು ವಾರ್ನಿಂಗ್ ಬಂದಾಗಲೇ ಹೊರಡಬೇಕು. ಕರೆಂಟ್ ಹೋದರೆ ಗ್ಯಾರೇಜ್ ಬಾಗಿಲು ತೆಗೆಯಲು ಮೇಲೆ ನೇತಾಡುವ ಕೆಂಪು ಹಗ್ಗ ಎಳೆದು, ಬಾಗಿಲನ್ನು ಕೈಯಿಂದ ಎತ್ತಬೇಕು. ಮನೆಯವರೆಲ್ಲ ಒಂದು ಸಲ ಎಳೆದು ನೋಡಿ, ಆ ಬಾಗಿಲು ನೆನೆಸಿದ್ದಕ್ಕಿಂತ ಭಾರ ಇರುತ್ತದೆ.

ನಮ್ಮ ಮನೆಯಲ್ಲಿ ಹಗಲು ಅಪ್ಪ ಅಮ್ಮ ಇಬ್ಬರೇ. ಇಬ್ಬರಿಗೂ ಕಾರು ಬರುವುದಿಲ್ಲ. ಫ್ರಿಜ್ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ಮನೆ ಬಿಟ್ಟು ಹೊರಡಿ ಅನ್ನುವಾಗ ಹೇಳುವ ನಮ್ಮ ವಲಯದ ನಂಬರು, ಎದುರು ಮನೆಯವರ ಫೋನು, ಪಾಸ್‌ಪೋರ್ಟ್ ಮತ್ತು ಬಿಪಿ ಮಾತ್ರೆ ಇರುವ ನೀಲಿ ಬ್ಯಾಗು ಬಾಗಿಲ ಹಿಂದೆ. ಎದುರು ಮನೆಯವರ ಹತ್ತಿರ ನಮ್ಮ ಕೀಲಿಕೈ ಇದೆ. ಹೋದ ಭಾನುವಾರ ಅಮ್ಮ ಅವರಿಗೆ ಫೋನ್ ಮಾಡಿ ‘ಕಮ್ ನೌ, ಫೈರ್’ ಅಂದು ಅಭ್ಯಾಸ ಮಾಡಿದರು. ಅವರು ನಾಲ್ಕು ನಿಮಿಷಕ್ಕೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು.