ಸುನಕ್ ಅವರ ಆಸ್ತಿ ಎಷ್ಟೆಂದು ಬ್ರಿಟನ್ ಏಕೆ ಕೇಳಲಿಲ್ಲ

ಕಳೆದ ಸಲ ರಜೆಗೆ ಮಂಡ್ಯಕ್ಕೆ ಹೋಗಿದ್ದಾಗ ದೊಡ್ಡಪ್ಪ ಕೇಳಿದರು: “ಅಲ್ಲ ಮಗ, ನಿಮ್ಮಲ್ಲಿ ಪ್ರಧಾನಿ ಆಗಿದ್ನಲ್ಲ, ಮೂರ್ತಿಯವರ ಅಳಿಯ, ಅಫಿಡವಿಟ್‌ನಲ್ಲಿ ಎಷ್ಟು ತೋರ್ಸಿದ್ದ?” ಅಲ್ಲಿ ಅಫಿಡವಿಟ್ಟೇ ಇಲ್ಲ ಎಂದೆ. ಅವರು ನಂಬಲಿಲ್ಲ. ನಾಮಪತ್ರ ಸಲ್ಲಿಸಿದ ಮರುದಿನ ಅಭ್ಯರ್ಥಿಯ ಹೆಂಡತಿಯ ಬಳಿ ಎಷ್ಟು ಗ್ರಾಂ ಚಿನ್ನವಿದೆ, ಜಮೀನು ಎಷ್ಟು ಎಕರೆ ಎಷ್ಟು ಗುಂಟೆ, ಕೈಸಾಲ ಯಾರಿಗೆ ಕೊಟ್ಟಿದ್ದಾರೆ ಎಂಬುದನ್ನೆಲ್ಲ ಪತ್ರಿಕೆಯಲ್ಲಿ ಓದಿ ಅಭ್ಯಾಸವಾದ ಊರಿನವರು ನಂಬದಿರುವುದು ಸಹಜ. ಮೈಸೂರು, ಮಂಡ್ಯ ಕಡೆಯಿಂದ ಹೊಸದಾಗಿ ಬ್ರಿಟನ್ನಿಗೆ ಬಂದವರೂ ಇದೇ ಪ್ರಶ್ನೆ ಕೇಳುವುದರಿಂದ ಇಲ್ಲಿಯ ಪದ್ಧತಿಯನ್ನು ರಿಷಿ ಸುನಕ್ ಅವರ ಉದಾಹರಣೆಯಿಂದಲೇ ವಿವರಿಸುತ್ತೇನೆ.

ಭಾರತದಲ್ಲಿ ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಅಭ್ಯರ್ಥಿ ತನ್ನ, ಸಂಗಾತಿಯ ಮತ್ತು ಅವಲಂಬಿತರ ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಲೇಬೇಕು. ಬ್ರಿಟನ್ನಿನ ಸಂಸತ್ ಚುನಾವಣೆಗೆ ನಿಲ್ಲುವವರು 500 ಪೌಂಡ್ ಠೇವಣಿಯನ್ನೂ ಕ್ಷೇತ್ರದ ಹತ್ತು ಮತದಾರರ ಸಹಿಯನ್ನೂ ಕೊಟ್ಟರೆ ಸಾಕು, ಆಸ್ತಿಯ ಮಾತೇ ಬರುವುದಿಲ್ಲ. ಗೆದ್ದ ಮೇಲೆ ಹೊರಗಿನ ಸಂಪಾದನೆ, ಉಡುಗೊರೆ, ಬಾಡಿಗೆ ಕೊಟ್ಟ ಮನೆ, ದೊಡ್ಡ ಪ್ರಮಾಣದ ಷೇರು ಮುಂತಾದವನ್ನು ಸದಸ್ಯರ ಹಿತಾಸಕ್ತಿಗಳ ರಿಜಿಸ್ಟರಿನಲ್ಲಿ ಬರೆಸಬೇಕು. ಹೊಸದೇನಾದರೂ ಸೇರಿದರೆ 28 ದಿನಗಳೊಳಗೆ ತಿಳಿಸಬೇಕು. ಮಂತ್ರಿಯಾದವರು ಕುಟುಂಬದ ಹಿತಾಸಕ್ತಿಗಳನ್ನೂ ಇಲಾಖೆಯ ಹಿರಿಯ ಅಧಿಕಾರಿಗೂ ಸ್ವತಂತ್ರ ಸಲಹೆಗಾರರಿಗೂ ಒಪ್ಪಿಸುತ್ತಾರೆ, ಆದರೆ ಅದರಲ್ಲಿ ಹುದ್ದೆಗೆ ಸಂಬಂಧಪಟ್ಟದ್ದು ಎಂದು ಕಂಡದ್ದು ಮಾತ್ರ ಪ್ರಕಟವಾಗುತ್ತದೆ. ನಿನ್ನ ಬಳಿ ಒಟ್ಟು ಎಷ್ಟಿದೆ ಎಂದು ಈ ವ್ಯವಸ್ಥೆ ಕೇಳುವುದಿಲ್ಲ. ನಿನ್ನ ತೀರ್ಮಾನವನ್ನು ಯಾವುದು ವಾಲಿಸಬಹುದು ಎಂದಷ್ಟೇ ಕೇಳುತ್ತದೆ.

ಸುನಕ್ ಹುಟ್ಟಿದ್ದು 1980ರ ಮೇ 12ರಂದು, ಸೌತಾಂಪ್ಟನ್‌ನಲ್ಲಿ. ತಂದೆ ವೈದ್ಯರು, ತಾಯಿ ಔಷಧದಂಗಡಿ ನಡೆಸುತ್ತಿದ್ದರು. ವಿಂಚೆಸ್ಟರ್, ಆಕ್ಸ್‌ಫರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಓದಿ, ಗೋಲ್ಡ್‌ಮನ್ ಸ್ಯಾಕ್ಸ್ ಮತ್ತು ಹೆಡ್ಜ್ ಫಂಡ್‌ಗಳಲ್ಲಿ ದುಡಿದರು. 2009ರಲ್ಲಿ ಅಕ್ಷತಾ ಮೂರ್ತಿಯವರನ್ನು ಬೆಂಗಳೂರಿನಲ್ಲಿ ಮದುವೆಯಾದರು. 2015ರಲ್ಲಿ ಸಂಸದ, 2020ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ, 2022ರ ಅಕ್ಟೋಬರ್ 25ರಂದು ಪ್ರಧಾನಿ. 2024ರ ಜುಲೈ 4ರ ಚುನಾವಣೆಯಲ್ಲಿ ಅವರ ಪಕ್ಷ 121 ಸ್ಥಾನಗಳಿಗೆ ಕುಸಿಯಿತು.

ಸಂಪತ್ತಿನ ಬಹುಪಾಲು ಪತ್ನಿಯ ಕಡೆಯದು, ಅದರ ಬೇರು ನಮ್ಮ ಸೀಮೆಗೂ ತಾಗುತ್ತದೆ. ಮಾವ ನಾರಾಯಣ ಮೂರ್ತಿಯವರು ಮೈಸೂರಿನ ಎನ್‌ಐಇಯಲ್ಲಿ ಓದಿ 1967ರಲ್ಲಿ ಎಂಜಿನಿಯರ್ ಆದವರು. ಅಕ್ಷತಾ ಅವರ ಹೆಸರಿನಲ್ಲಿ ಇನ್ಫೋಸಿಸ್‌ನ ಸುಮಾರು 3.89 ಕೋಟಿ ಷೇರುಗಳಿವೆ ಎಂಬುದು, ಅಂದರೆ ಹೆಚ್ಚು ಕಡಿಮೆ ಶೇ 1ರಷ್ಟು ಪಾಲು, ಕಂಪನಿ ಷೇರುಪೇಟೆಗೆ ಕೊಡುವ ವರದಿಯಲ್ಲೇ ಕಾಣುತ್ತದೆ. 2022–23ರ ಸಾಲಿಗೆ ಕಂಪನಿ ಷೇರಿಗೆ 34 ರೂಪಾಯಿ ಲಾಭಾಂಶ ಘೋಷಿಸಿತು. ಗುಣಿಸಿದರೆ 132 ಕೋಟಿ ರೂಪಾಯಿ. ಆದರೆ 2020ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಮಂತ್ರಿಗಳ ಹಿತಾಸಕ್ತಿಗಳ ಪಟ್ಟಿಯಲ್ಲಿ ಪತ್ನಿಯ ಹೆಸರಿನ ಮುಂದೆ ಇದ್ದದ್ದು ಕ್ಯಾಟಮರಾನ್ ವೆಂಚರ್ಸ್ ಯುಕೆ ಎಂಬ ಒಂದು ಸಂಸ್ಥೆ ಮಾತ್ರ. ಮಂಡ್ಯದಲ್ಲಿ ಡಿಮ್ಯಾಟ್ ಖಾತೆ ಇಟ್ಟುಕೊಂಡ ಹುಡುಗನಿಗೆ ಕಾಣುವ ಲೆಕ್ಕ ಬ್ರಿಟನ್ನಿನ ಸರ್ಕಾರಿ ಪಟ್ಟಿಯಲ್ಲಿ ಇರಲಿಲ್ಲ! ನಿಯಮ ಮುರಿದಿಲ್ಲವೆಂದು 2022ರಲ್ಲಿ ಸಲಹೆಗಾರರು ಹೇಳಿದರು. ನನ್ನ ಅಭಿಪ್ರಾಯದಲ್ಲಿ ಈ ವಿಷಯದಲ್ಲಿ ನಮ್ಮ ಅಫಿಡವಿಟ್ಟೇ ಮೇಲು, ಅದರಲ್ಲಿ ಎಷ್ಟೇ ಬಚ್ಚಿಟ್ಟರೂ.

ಸಂಡೇ ಟೈಮ್ಸ್ ಪತ್ರಿಕೆಯ ಶ್ರೀಮಂತರ ಪಟ್ಟಿ ಈ ದಂಪತಿಯ ಸಂಪತ್ತನ್ನು 2022ರಲ್ಲಿ 73 ಕೋಟಿ ಪೌಂಡ್ ಎಂದೂ ಮರುವರ್ಷ ಸುಮಾರು 53 ಕೋಟಿ ಎಂದೂ ಅಂದಾಜಿಸಿತು. ಇದು ಪತ್ರಿಕೆಯ ಲೆಕ್ಕವೇ ಹೊರತು ದಾಖಲೆಯಲ್ಲ. ಇನ್ಫೋಸಿಸ್ ಷೇರಿನ ಬೆಲೆ ಇಳಿದರೆ ಇದೂ ಇಳಿಯುತ್ತದೆ. ಖಚಿತವಾದದ್ದು ಸುನಕ್ ತಾವೇ ಹೊರಡಿಸಿದ ತೆರಿಗೆ ವಿವರ. 2022–23ರಲ್ಲಿ ಸುಮಾರು 22 ಲಕ್ಷ ಪೌಂಡ್ ವರಮಾನಕ್ಕೆ ಅವರು ಕಟ್ಟಿದ್ದು 5,08,308 ಪೌಂಡ್, ಅಂದರೆ ಸುಮಾರು ಶೇ 23. ಹೆಚ್ಚು ಸಂಬಳದವರ ಮೇಲಿನ ದರ ಶೇ 45 ಇರುವಾಗ ಇದು ಹೇಗೆ ಎಂದರೆ, ಬಂದದ್ದರಲ್ಲಿ ಸುಮಾರು 18 ಲಕ್ಷ ಹೂಡಿಕೆಯ ಲಾಭ, ಅದರ ದರ ಆಗ ಶೇ 20 ಇತ್ತು. ಈ ವಿವರವನ್ನು ಹೊರಡಿಸಬೇಕೆಂಬ ಕಾನೂನೂ ಇಲ್ಲ.

ಸಣ್ಣ ಪಾಲೂ ತೊಡಕಾಗಬಹುದು. 2023ರ ಬಜೆಟ್ಟಿನಲ್ಲಿ ಮಕ್ಕಳ ಪಾಲನೆ ಮಾಡುವವರಿಗೆ ಪ್ರೋತ್ಸಾಹಧನ ಘೋಷಣೆಯಾದಾಗ, ಅಂಥ ಕೆಲಸಗಾರರನ್ನು ಒದಗಿಸುವ ಕೋರು ಕಿಡ್ಸ್ ಎಂಬ ಕಂಪನಿಯಲ್ಲಿ ಪತ್ನಿಗೆ ಷೇರುಗಳಿರುವುದನ್ನು ಸಂಸತ್ ಸಮಿತಿಯ ಪ್ರಶ್ನೆಗೆ ಉತ್ತರಿಸುವಾಗ ಸುನಕ್ ಹೇಳಲಿಲ್ಲ. ಬರಹದಲ್ಲಿ ನೋಂದಾಯಿಸುವುದೂ ಬಾಯಲ್ಲಿ ಹೇಳುವುದೂ ಒಂದೇ ಎಂದುಕೊಂಡು, ಗೊತ್ತಿಲ್ಲದೆ ನಿಯಮ ಮೀರಿದ್ದಾರೆ ಎಂದು ಸಂಸತ್ತಿನ ಶಿಷ್ಟಾಚಾರ ಆಯುಕ್ತರು ಆಗಸ್ಟಿನಲ್ಲಿ ತೀರ್ಮಾನಿಸಿದರು. ಪ್ರಧಾನಿ ಕ್ಷಮೆ ಕೇಳಿದರು.

ಸುನಕ್ ಮನೆಯ ಗಲಾಟೆ ನಮ್ಮ ಮನೆಗೂ ತಟ್ಟಿದೆ. ಖಾಯಂ ನೆಲೆ ಭಾರತವೆಂದು ಹೇಳಿ, ವರ್ಷಕ್ಕೆ 30,000 ಪೌಂಡ್ ಶುಲ್ಕ ಕಟ್ಟಿ, ಹೊರದೇಶದ ವರಮಾನಕ್ಕೆ ಬ್ರಿಟನ್ನಿನ ತೆರಿಗೆ ತಪ್ಪಿಸಿಕೊಳ್ಳಲು ಅವಕಾಶ ಕೊಡುತ್ತಿದ್ದ ನಾನ್-ಡಾಮ್ ಸೌಲಭ್ಯವನ್ನು ಅಕ್ಷತಾ ಬಳಸುತ್ತಿದ್ದುದು 2022ರ ಏಪ್ರಿಲ್‌ನಲ್ಲಿ ಬಯಲಾಯಿತು. ಅವರು ಆಗಲೇ ಅದನ್ನು ಬಿಟ್ಟುಕೊಟ್ಟರು. 2025ರ ಏಪ್ರಿಲ್ 6ರಿಂದ ಆ ಸೌಲಭ್ಯವೇ ಇಲ್ಲವಾಯಿತು. ಈಗ ಹಿಂದಿನ ಹತ್ತು ವರ್ಷ ಬ್ರಿಟನ್ನಿನ ನಿವಾಸಿಯಾಗಿರದೆ ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಮಾತ್ರ ಹೊರದೇಶದ ವರಮಾನಕ್ಕೆ ವಿನಾಯಿತಿ ಸಿಗುತ್ತದೆ. ಅದನ್ನು ಕೇಳಿದ ವರ್ಷ 12,570 ಪೌಂಡ್‌ಗಳ ತೆರಿಗೆರಹಿತ ಮಿತಿ ಕೈಬಿಡುತ್ತದೆ. ಊರಿನಿಂದ ಬಡ್ಡಿ, ಗದ್ದೆಯ ಗುತ್ತಿಗೆ ಸೇರಿ ವರ್ಷಕ್ಕೆ 3 ಲಕ್ಷ ರೂಪಾಯಿ ಬರುವವರು ಶೇ 20ರ ದರದಲ್ಲಿದ್ದರೆ, ಸುಮಾರು 60 ಸಾವಿರ ರೂಪಾಯಿ ಉಳಿಸಲು ಹೋಗಿ 2,514 ಪೌಂಡ್, ಅಂದರೆ ಎರಡೂವರೆ ಲಕ್ಷಕ್ಕೂ ಮೇಲೆ ಕಳೆದುಕೊಳ್ಳುತ್ತಾರೆ. ಕೃಷಿ ವರಮಾನಕ್ಕೆ ಭಾರತದಲ್ಲಿ ತೆರಿಗೆ ಇಲ್ಲವೆಂದು ಇಲ್ಲಿಯೂ ಇಲ್ಲ ಎಂದುಕೊಳ್ಳಬೇಡಿ. ಗುತ್ತಿಗೆಯ ಚೀಟಿ, ಬ್ಯಾಂಕಿನ ಪಾಸ್‌ಬುಕ್ ನಕಲುಗಳನ್ನು ಏಪ್ರಿಲ್ 6ರಿಂದ ಮರುವರ್ಷದ ಏಪ್ರಿಲ್ 5ರವರೆಗಿನ ಲೆಕ್ಕಕ್ಕೆ ಹೊಂದಿಸಿ ತರಿಸಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾ ಮೇಲೆ ಇಲ್ಲಿ ವಾಸವಿರುವ ನಿಮಗೆ ಕಾಮನ್‌ವೆಲ್ತ್ ಪ್ರಜೆಯಾಗಿ ಸಂಸತ್ ಚುನಾವಣೆಯಲ್ಲಿ ಮತದ ಹಕ್ಕಿದೆ. ಮತದಾರರ ಪಟ್ಟಿಗೆ ಸೇರಿದ ಮೇಲೆ ನಿಮ್ಮ ಕ್ಷೇತ್ರದ ಸದಸ್ಯರ ಹೆಸರನ್ನು ಸಂಸತ್ತಿನ ಜಾಲತಾಣದಲ್ಲಿ ಹುಡುಕಿದರೆ, ಅವರ ಹಿತಾಸಕ್ತಿಗಳ ಪುಟ ಯಾವ ಅರ್ಜಿಯೂ ಇಲ್ಲದೆ ತೆರೆಯುತ್ತದೆ.